ಕ್ಯಾಂಪರ್ ವ್ಯಾನಿಗೆ ದೊಡ್ಡ ಚಕ್ರ, ದೊಡ್ಡ ಟೈರ್ ಹಾಕಿಸುವ ಮೊದಲು ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಮಟ್ಟಿಗೆ ಇದು: ಇಂಗ್ಲೆಂಡಿನಲ್ಲಿದ್ದೀರಿ, ಕ್ಯಾಂಪರ್ ಮಾಡಿಸಿದ ಫೋಕ್ಸ್‌ವ್ಯಾಗನ್ ಟಿ5 ಇದೆ, ಕಬ್ಬಿಣದ ರಿಮ್ ಮೇಲೆ 215/65 ಆರ್16 ಸಿ ಟೈರಿದೆ (215 ಮಿ.ಮೀ. ಅಗಲ, ಅದರ ಶೇಕಡಾ 65ರಷ್ಟು ಸೈಡ್‌ವಾಲ್ ಎತ್ತರ, 16 ಇಂಚಿನ ರಿಮ್; ಸಿ ಅಂದರೆ ವ್ಯಾನಿನಂಥ ಸರಕು ಗಾಡಿಯದು). ಈಗ 18 ಇಂಚಿನ ಅಲಾಯ್ ಹಾಕಿಸಲೋ, ಇಲ್ಲ ಮಣ್ಣುದಾರಿಗೆ ಆಗುವಂಥ ದೊಡ್ಡ ಆಲ್‌ ಟೆರೇನ್ ಟೈರ್ ಹಾಕಿಸಲೋ ಎಂದು ಕೇಳಿದ್ದೀರಿ.

ಇವು ಬೇರೆ ಬೇರೆ ಕೆಲಸ. ಮೊದಲನೆಯದರಲ್ಲಿ ರಿಮ್ ದೊಡ್ಡದಾಗುತ್ತದೆ, ಟೈರಿನ ಸೈಡ್‌ವಾಲ್ ತೆಳ್ಳಗಾಗುತ್ತದೆ, ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ನೋಟ ಚೆನ್ನಾಗಿರುತ್ತದೆ, ತಿರುವಿನಲ್ಲಿ ಗಾಡಿ ಬಿಗಿಯಾಗಿ ಹೋಗುತ್ತದೆ, ಗುಂಡಿಗೆ ಬಿದ್ದರೆ ರಿಮ್ಮೇ ಏಟು ತಿನ್ನುತ್ತದೆ. ಎರಡನೆಯದರಲ್ಲಿ ಟೈರೇ ಎತ್ತರವಾಗುತ್ತದೆ. ಅದಕ್ಕೆ ರಿಮ್ 16 ಅಥವಾ 17ರಲ್ಲೇ ಇರುವುದು ಒಳ್ಳೆಯದು. ಯಾವುದನ್ನು ಆರಿಸಿದರೂ ಮೊದಲ ಲೆಕ್ಕ ಭಾರದ್ದು. ಅಂಗಡಿಯವರು ಸಾಮಾನ್ಯವಾಗಿ ಕೂರುತ್ತದೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತಾರೆ, ಹೊರುತ್ತದೋ ಇಲ್ಲವೋ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಪ್ರವಾಸಕ್ಕೆ ಹೊರಡುವ ಹಾಗೆಯೇ ತುಂಬಿಸಿ ವೇಬ್ರಿಜ್‌ಗೆ ಒಯ್ಯಿರಿ: ಟ್ಯಾಂಕ್ ತುಂಬ ನೀರು, ಡೀಸೆಲ್, ಗ್ಯಾಸ್ ಸಿಲಿಂಡರ್, ಜನ, ಎಲ್ಲವೂ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ. ಆಮೇಲೆ ಗಾಡಿಯಲ್ಲಿ ಭಾರದ ಮಿತಿ ಬರೆದಿರುವ ಕಂಪನಿಯ ಪ್ಲೇಟ್ ನೋಡಿ. ಟೈರ್ ಹೊರಬೇಕಾದ್ದು ಆ ಪ್ಲೇಟಿನ ಗರಿಷ್ಠ ಆಕ್ಸಲ್ ಭಾರದ ಅರ್ಧವನ್ನು. ನಿಮ್ಮ ವ್ಯಾನ್ ಇವತ್ತು ಎಷ್ಟು ತೂಗುತ್ತದೆ ಎಂಬುದರ ಅರ್ಧವನ್ನಲ್ಲ. ಹಿಂದಿನ ಆಕ್ಸಲ್‌ಗೆ 1,720 ಕೆಜಿ ಎಂದಿದೆ ಅಂದುಕೊಳ್ಳಿ, ಒಂದು ಟೈರಿಗೆ 860 ಆಯಿತು. ಟೈರ್ ಎಷ್ಟು ಹೊರುತ್ತದೆ ಎಂದು ಅದರ ಮೇಲಿನ ಲೋಡ್ ಇಂಡೆಕ್ಸ್ ಎಂಬ ಅಂಕಿ ಹೇಳುತ್ತದೆ. 102 ಅಂದರೆ 850 ಕೆಜಿ, ಸಾಲದು. 103 ಅಂದರೆ 875, ನಡೆಯುತ್ತದೆ. ಈಗಿರುವ 215/65 ಆರ್16 ಸಿ ಟೈರಿನ ಮೇಲೆ ಸಾಮಾನ್ಯವಾಗಿ 109/107 ಎಂದಿರುತ್ತದೆ. ಒಂಟಿ ಚಕ್ರಕ್ಕೆ ಮೊದಲ ಅಂಕಿ; 109 ಅಂದರೆ 1,030 ಕೆಜಿ. 255/45 ಆರ್18 ಎಕ್ಸ್ಎಲ್ (ಹೆಚ್ಚು ಭಾರ ಹೊರುವಂತೆ ಮಾಡಿದ್ದು) ಹಾಕಿದರೆ 103ಕ್ಕೆ ಇಳಿಯುತ್ತೀರಿ. ಕಾನೂನಿಗೆ ಸಾಕು, ಆದರೆ ಕೈಯಲ್ಲಿದ್ದ 150 ಕೆಜಿ ಹೆಚ್ಚುವರಿ ಹೋಯಿತು. ಅದೇ ಅಳತೆಯ ಎಕ್ಸ್ಎಲ್ ಅಲ್ಲದ ಟೈರ್ 99, ಅಂದರೆ 775 ಕೆಜಿ, ಅದನ್ನು ಮುಟ್ಟಬೇಡಿ. ಜಾಹೀರಾತಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬೆಲೆ ಮಾತ್ರ ಒಂದರದ್ದು ಕಡಿಮೆ.

ಕ್ಯಾಂಪರ್‌ನಲ್ಲಿ ಇನ್ನೊಂದು ತೊಡಕಿದೆ. ಒಲೆ, ಸಿಂಕ್, ಫ್ರಿಜ್, ನೀರಿನ ಟ್ಯಾಂಕ್ ಎಲ್ಲವನ್ನೂ ಸ್ಲೈಡಿಂಗ್ ಬಾಗಿಲಿನ ಎದುರು ಪಕ್ಕದಲ್ಲೇ ಕೂರಿಸಿರುತ್ತಾರೆ. ಹಾಗಾಗಿ ಆಕ್ಸಲ್ ತೂಕವನ್ನು ಸರಿಯಾಗಿ ಎರಡು ಭಾಗ ಮಾಡಿದರೆ ಅಡುಗೆಕಟ್ಟೆ ಬದಿಯ ಚಕ್ರದ ನಿಜವಾದ ಭಾರ ಸಿಗುವುದಿಲ್ಲ. ಚಕ್ರವೊಂದರ ಕೆಳಗೇ ಇಟ್ಟು ತೂಗುವ ಪ್ಯಾಡ್ ಸಿಕ್ಕರೆ ಉತ್ತಮ. ಸಿಗದಿದ್ದರೆ ಶೇಕಡಾ ಹತ್ತಾದರೂ ಹೆಚ್ಚು ಹೊರುವ ಟೈರ್ ತೆಗೆದುಕೊಳ್ಳಿ.

ರಿಮ್ಮಿಗೂ ಹೊರುವ ಮಿತಿ ಇದೆ; ಹಿಂಭಾಗದಲ್ಲಿ ಕೆಜಿಯಲ್ಲಿ ಅಚ್ಚು ಹಾಕಿರುತ್ತಾರೆ. ಟಿ5ರದ್ದು ಐದು ಬೋಲ್ಟಿನ 120 ಮಿ.ಮೀ. ವೃತ್ತ, ನಡುವಿನ ತೂತು 65.1. ಹಳೆಯ ಬಿಎಂಡಬ್ಲ್ಯು ಕಾರುಗಳದ್ದೂ ಐದು ಬೋಲ್ಟು, 120 ವೃತ್ತವೇ ಆದ್ದರಿಂದ ಅವುಗಳ ಸೆಕೆಂಡ್ ಹ್ಯಾಂಡ್ ಅಲಾಯ್ ಅಗ್ಗಕ್ಕೆ ಸಿಗುತ್ತದೆ, ಕೂರುತ್ತದೆ ಕೂಡ. ಆದರೆ ಅವುಗಳ ನಡುವಿನ ತೂತು 72.6, ರಿಂಗ್ ಹಾಕದೆ ನಡುವಿಗೆ ನಿಲ್ಲುವುದಿಲ್ಲ. ರಿಂಗ್ ಹಾಕಿದರೂ ಅದು ಕಾರಿನ ಭಾರಕ್ಕೆ ಮಾಡಿದ ಚಕ್ರ. ಹಿಂದೆ ಅಚ್ಚು ಇಲ್ಲದ ಅಥವಾ ಅಚ್ಚಿನ ಅಂಕಿ ನಿಮ್ಮ ಅರ್ಧ ಆಕ್ಸಲ್ ಭಾರಕ್ಕಿಂತ ಕಡಿಮೆ ಇರುವ ರಿಮ್ ಎಷ್ಟೇ ಚೆಂದವಿರಲಿ, ಬೇಡ.

ಇನ್ನು ಎತ್ತರ. ಲೆಕ್ಕ ಸುಲಭ: ಅಗಲವನ್ನು ಪ್ರೊಫೈಲ್ ಶೇಕಡಾವಾರಿನಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಅದಕ್ಕೆ ಸೇರಿಸಿ. ನಿಮ್ಮ ಈಗಿನ ಟೈರ್ 686 ಮಿ.ಮೀ. 235/55 ಆರ್17 ಅಂದರೆ 690, 255/45 ಆರ್18 ಅಂದರೆ 687. ಇವೆರಡರಲ್ಲಿ ಮೀಟರಿಗಾಗಲಿ ಗೇರಿಗಾಗಲಿ ವ್ಯತ್ಯಾಸ ಗೊತ್ತೇ ಆಗದು. ಮಣ್ಣುದಾರಿಗೆ ಕೇಳುವುದಾದರೆ ನನ್ನ ಆಯ್ಕೆ 235/60 ಆರ್17 ಎಕ್ಸ್ಎಲ್, 106 ಇಂಡೆಕ್ಸಿನದ್ದು: 714 ಮಿ.ಮೀ., ಒಂದು ಟೈರಿಗೆ 950 ಕೆಜಿ. ಗಾಡಿ 14 ಮಿ.ಮೀ. ಮೇಲೇಳುತ್ತದೆ (ವ್ಯತ್ಯಾಸದ ಅರ್ಧ ಮಾತ್ರ ನೆಲದ ಅಂತರಕ್ಕೆ ಸಿಗುವುದು). 235/65 ಆರ್17 ಅಥವಾ 225/75 ಆರ್16ಕ್ಕೆ ಹೋದರೆ 737, 744 ಆಗುತ್ತದೆ. ಅಲ್ಲಿಗೆ ಬರೀ ಟೈರ್ ಬದಲಿಸುವ ಕೆಲಸ ಮುಗಿದು, ಸಸ್ಪೆನ್ಷನ್ ಎತ್ತರಿಸುವುದು, ಚಕ್ರದ ಕಮಾನಿನ ಪ್ಲಾಸ್ಟಿಕ್ ಲೈನರ್ ಕತ್ತರಿಸುವುದು, ಅಲೈನ್‌ಮೆಂಟ್ ಮಾಡಿಸುವುದು ಎಲ್ಲ ಶುರುವಾಗುತ್ತದೆ. ಸಸ್ಪೆನ್ಷನ್ ಎತ್ತರಿಸಿದಷ್ಟೂ ಡ್ರೈವ್‌ಶಾಫ್ಟಿನ ಕೋನ ಹೆಚ್ಚಿ ಅದರ ಜಾಯಿಂಟ್ ಬೇಗ ಸವೆಯುತ್ತದೆ.

ಆಫ್‌ಸೆಟ್ ಅಂದರೆ ರಿಮ್ಮಿನ ಅಗಲದ ನಡುಗೆರೆಗೂ ಹಬ್‌ಗೆ (ಚಕ್ರವನ್ನು ಬಿಗಿಯುವ ಭಾಗ) ಕೂರುವ ಮುಖಕ್ಕೂ ಇರುವ ದೂರ; ಇಟಿ ಎಂದು ಮಿ.ಮೀ.ನಲ್ಲಿ ಬರೆದಿರುತ್ತಾರೆ. ಜನ ಆ ಅಂಕಿಯೊಂದನ್ನೇ ನೋಡುತ್ತಾರೆ. ಅಗಲವನ್ನೂ ಜೊತೆಗೆ ಹಿಡಿಯಬೇಕು. 6.5 ಇಂಚು ಅಗಲ, ಇಟಿ 51 ಇರುವ ಕಬ್ಬಿಣದ ರಿಮ್ಮಿನ ಹೊರ ಅಂಚು ಹಬ್‌ನಿಂದ 32 ಮಿ.ಮೀ. ಆಚೆಗೆ ಇರುತ್ತದೆ, ಒಳ ಅಂಚು 134 ಒಳಗೆ. 8 ಇಂಚು, ಇಟಿ 45 ಹಾಕಿದರೆ ಹೊರಗೆ 57, ಒಳಗೆ 147. ಅಂದರೆ ಹೊರಕ್ಕೆ 25, ಒಳಕ್ಕೆ 13 ಮಿ.ಮೀ. ಜಾಗ ಬೇಕಾಯಿತು. ಹೊರಗಿನದ್ದು ಗಾಡಿಯ ಹೊರಮೈಗೆ ತಾಗಬಹುದು, ಒಳಗಿನದ್ದು ಸಸ್ಪೆನ್ಷನ್‌ಗೆ. ಬ್ರೇಕನ್ನೂ ಮರೆಯಬೇಡಿ: ಮುಂದೆ 340 ಮಿ.ಮೀ. ಡಿಸ್ಕ್ ಇರುವ ಟಿ5ಗೆ 16 ಇಂಚಿನ ರಿಮ್ ಹಿಡಿಯುವುದಿಲ್ಲ, 17ರಿಂದ ಮೇಲೆಯೇ.

ನಾಲ್ಕಕ್ಕೂ ಟೈರ್ ಕೂರಿಸುವ ಮೊದಲು ಮುಂದಕ್ಕೊಂದು, ಹಿಂದಕ್ಕೊಂದು ಹಾಕಿ ಪರೀಕ್ಷೆ ಮಾಡಿಸಿ. ಒಮ್ಮೆ ರಸ್ತೆಗಿಳಿದ ಟೈರನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಸ್ಟೀರಿಂಗನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ, ಹಿಂದಕ್ಕೂ ಚಲಿಸಿ ನೋಡಿ. ಮುಂದಿನ ಕಮಾನಿನ ಹಿಂಬದಿಯ ಮೂಲೆಯಲ್ಲಿ, ಬಾಗಿಲ ಮೆಟ್ಟಿಲ ಹತ್ತಿರ, ಲೈನರ್ ಮತ್ತು ಟೈರ್ ಭುಜದ ನಡುವೆ ಕಿರುಬೆರಳು ತೂರದಿದ್ದರೆ ಭಾರ ಬಿದ್ದಾಗ ಉಜ್ಜುವುದು ಖಂಡಿತ. ಆಮೇಲೆ ಒಂದು ಮುಂದಿನ ಚಕ್ರವನ್ನು ಗಟ್ಟಿ ದಿಮ್ಮಿಯ ಮೇಲೆ ಹತ್ತಿಸಿ, ಸಸ್ಪೆನ್ಷನ್ ಒತ್ತಿಕೊಂಡಾಗ ಅದೇ ಜಾಗ ನೋಡಿ. ಕೊನೆಗೆ ಸ್ಲೈಡಿಂಗ್ ಬಾಗಿಲನ್ನು ನಿಧಾನಕ್ಕೆ ಪೂರ್ತಿ ತೆರೆಯಿರಿ. ಅದು ಹಿಂದಿನ ಚಕ್ರದ ಮುಂದೆಯೇ ಹಾದು ಹೋಗುವುದರಿಂದ ಹೊರಗೆ ಉಬ್ಬಿದ ಟೈರಿಗೆ ತಾಗಬಹುದು. ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಹಾಕಿದವರು ಇದನ್ನು ಬಣ್ಣ ಕೆರೆದ ಮೇಲೆ ಕಂಡುಕೊಳ್ಳುತ್ತಾರೆ.

ಬೋಲ್ಟು ಎಂ14, 1.5 ಪಿಚ್ (14 ಮಿ.ಮೀ. ದಪ್ಪ, ಸುತ್ತಿಗೆ 1.5 ಮಿ.ಮೀ. ಒಳಹೋಗುವ ಥ್ರೆಡ್). ಕಂಪನಿಯ ಚಕ್ರಕ್ಕೆ ಬೋಲ್ಟಿನ ತಲೆಯ ಅಡಿ ಗುಂಡಾಗಿರುತ್ತದೆ. ಹೊರಗಿನ ಅಲಾಯ್‌ಗಳಲ್ಲಿ ಹಲವಕ್ಕೆ 60 ಡಿಗ್ರಿ ಶಂಕುವಿನ ಆಕಾರ ಬೇಕು. ಗುಂಡಿನ ಬೋಲ್ಟನ್ನು ಶಂಕುವಿನ ತೂತಿಗೆ ಹಾಕಿದರೆ ಟಾರ್ಕ್ ರೆಂಚ್ ಕಟ್ ಅನ್ನುತ್ತದೆ, ಆದರೆ ಹಿಡಿತ ಒಂದು ತೆಳ್ಳನೆ ಗೆರೆಯ ಮೇಲಷ್ಟೇ. ಕೆಲವೇ ದಿನದಲ್ಲಿ ಸಡಿಲವಾಗುತ್ತದೆ. ಥ್ರೆಡ್ ಹಬ್‌ನೊಳಗೆ ಕನಿಷ್ಠ 14 ಮಿ.ಮೀ. ಹೋಗಬೇಕು, ಅಂದರೆ ಒಂಬತ್ತು ಸುತ್ತಿಗೂ ಸ್ವಲ್ಪ ಹೆಚ್ಚು. ಕೈಯಲ್ಲೇ ತಿರುಗಿಸಿ ಎಣಿಸಿ. ತೀರಾ ಉದ್ದವಾದರೆ ಹಬ್‌ನ ಹಿಂದೆ ತಾಗುತ್ತದೆ, ಆದ್ದರಿಂದ ಜಾಕಿ ಮೇಲಿರುವಾಗಲೇ ಚಕ್ರ ಸುತ್ತಿಸಿ ನೋಡಿ. ಹಬ್ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು, ನಕ್ಷತ್ರದ ಕ್ರಮದಲ್ಲಿ 180 ನ್ಯೂಟನ್ ಮೀಟರ್‌ಗೆ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಹೊಸ ಅಲಾಯ್‌ಗೆ ಇದನ್ನು ಬಿಡುವ ಹಾಗೇ ಇಲ್ಲ.

ಗಾಳಿಯ ವಿಷಯದಲ್ಲೇ ಹೆಚ್ಚು ಗೊಂದಲ. ಬಾಗಿಲ ಬಳಿಯ ಚೀಟಿಯಲ್ಲಿರುವ ಒತ್ತಡ ಆ ಚೀಟಿಯಲ್ಲಿರುವ ಅಳತೆಗಳಿಗೆ ಮಾತ್ರ. ಸಿ ಗುರುತಿನ ಟೈರ್ 4 ಬಾರ್‌ಗಿಂತ ಮೇಲೆ ಗಾಳಿ ಹಿಡಿದು ತನ್ನ ಪೂರ್ತಿ ಭಾರ ಹೊರುತ್ತದೆ. ಎಕ್ಸ್ಎಲ್ ಟೈರಿನ ಇಂಡೆಕ್ಸ್ ಲೆಕ್ಕ 2.9 ಬಾರ್‌ನಲ್ಲಿ, ಅದಕ್ಕಿಂತ ಹೆಚ್ಚು ತುಂಬಿಸಿದರೆ ಹೊರುವ ಶಕ್ತಿ ಏನೂ ಹೆಚ್ಚುವುದಿಲ್ಲ, ನಡುಭಾಗ ಬೇಗ ಸವೆಯುತ್ತದೆ ಅಷ್ಟೇ. ತೂಗಿಸಿದ ಆಕ್ಸಲ್ ಭಾರವನ್ನು ಟೈರ್ ಕಂಪನಿಗೆ ಬರೆದು ಕೇಳಿದರೆ ಒತ್ತಡದ ಪಟ್ಟಿ ಕೊಡುತ್ತಾರೆ. 4.5 ಬಾರ್‌ಗಿಂತ ಹೆಚ್ಚು ಬೇಕಾದರೆ ಕಾರಿನ ಮಾಮೂಲಿ ರಬ್ಬರ್ ವಾಲ್ವ್ ಬೇಡ, ಲೋಹದ್ದು ಹಾಕಿಸಿ.

ಸ್ಟೆಪ್ನಿ ವ್ಯಾನಿನ ಹಿಂಭಾಗದ ಅಡಿಯಲ್ಲಿ ತೂಗುತ್ತದೆ. ಎತ್ತರದ ಟೈರ್ ಆ ಜಾಗಕ್ಕೆ ಹಿಡಿಯದೆ ಹೋಗಬಹುದು, ಪಕ್ಕದಲ್ಲಿ ಕೊಳಕು ನೀರಿನ ಟ್ಯಾಂಕ್ ಇದ್ದರಂತೂ ಕಷ್ಟ. ಹಳೆಯ ಅಳತೆಯದನ್ನೇ ಇಟ್ಟುಕೊಂಡರೆ ಅದರ ಹಳೇ ಬೋಲ್ಟುಗಳನ್ನೂ ಒಂದು ಚೀಲದಲ್ಲಿ ಜೊತೆಗಿಡಿ. ನಿಮ್ಮದು ನಾಲ್ಕು ಚಕ್ರಕ್ಕೂ ಎಳೆತವಿರುವ 4ಮೋಷನ್ ಆದರೆ ಬೇರೆ ಸುತ್ತಳತೆಯ ಸ್ಟೆಪ್ನಿ ಹತ್ತಿರದ ಗ್ಯಾರೇಜ್ ಮುಟ್ಟುವವರೆಗೆ ಮಾತ್ರ.

ಟೈರ್ ಶೇಕಡಾ 7.5 ದೊಡ್ಡದಾದರೆ ಚಕ್ರದ ಲೆಕ್ಕದಲ್ಲಿ 100 ಬಂದಾಗ ನಿಜವಾದ ವೇಗ 107. ಎಂಜಿನ್‌ಗೆ ಏರು ಹತ್ತುವುದು ಭಾರ, ಬ್ರೇಕಿಗೂ ಕೆಲಸ ಹೆಚ್ಚು. ಬ್ರಿಟನ್ನಿನಲ್ಲಿ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಜಿಪಿಎಸ್ ಇಟ್ಟು ಹೋಲಿಸಿ. ಕಡಿಮೆ ತೋರಿಸುತ್ತಿದ್ದರೆ ಕೆಲವು ವರ್ಷದ ಗಾಡಿಗಳಲ್ಲಿ ಸುತ್ತಳತೆಯನ್ನು ಡಯಾಗ್ನೋಸ್ಟಿಕ್ ಉಪಕರಣದಿಂದ ಬದಲಿಸಬಹುದು. ವಿಮೆಯವರಿಗೆ ಬದಲಾವಣೆಯನ್ನು ಬರಹದಲ್ಲೇ ತಿಳಿಸಿ. ಚಳಿಗಾಲದಲ್ಲಿ ಜರ್ಮನಿಗೆ ಹೋಗುವ ಯೋಚನೆಯಿದ್ದರೆ ಟೈರ್ ಮೇಲೆ ಬೆಟ್ಟ ಮತ್ತು ಹಿಮಹರಳಿನ ಗುರುತು ಇರುವುದನ್ನೇ ಕೊಳ್ಳಿ. 2024ರ ಅಕ್ಟೋಬರ್‌ನಿಂದ ಅಲ್ಲಿ ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ಚಳಿಗಾಲದ ಟೈರ್ ಎಂದು ಲೆಕ್ಕಕ್ಕೆ ಬರುವುದಿಲ್ಲ.

ಕರ್ನಾಟಕದಲ್ಲಿ ಟ್ರಾವೆಲರ್ ಗಾಡಿಯನ್ನು ಕ್ಯಾಂಪರ್ ಮಾಡಿಸಿ ಇದನ್ನು ಓದುತ್ತಿರುವವರಿಗೆ: ಭಾರದ ಲೆಕ್ಕ, ಉಜ್ಜುವ ಪರೀಕ್ಷೆ ನಿಮಗೂ ಇದೇ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಮಾಡೆಲಿಗೆ ತಯಾರಕರೇ ಪಟ್ಟಿ ಮಾಡಿದ ಅಳತೆಗಳೊಳಗೆ ದೊಡ್ಡದನ್ನು ಹುಡುಕಿ.