ಓದುಗರ ಪ್ರಶ್ನೆ: ಸೂರಿಲ್ಲದವರ ಕ್ಲಿನಿಕ್ ನಡೆಸುವವರಿಗೆ

ಪ್ರಶ್ನೆ: ನಮ್ಮ ಸೇವಾಸಂಸ್ಥೆ ಬೀದಿಯಲ್ಲಿ ಬದುಕುವವರಿಗಾಗಿ ಉಚಿತ ಕ್ಲಿನಿಕ್ ನಡೆಸುತ್ತಿದೆ. ಒಮ್ಮೆ ಬಂದವರಲ್ಲಿ ಹೆಚ್ಚಿನವರು ಮತ್ತೆ ಬರುವುದಿಲ್ಲ, ಮಾತ್ರೆಗಳನ್ನೂ ಅರ್ಧಕ್ಕೇ ಬಿಡುತ್ತಾರೆ. ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ವೇಳಾಪಟ್ಟಿಯನ್ನು ನೋಡಿ. ಊಟ ಹಂಚುವ ಹೊತ್ತಿಗೋ ರಾತ್ರಿ ತಂಗುದಾಣದ ಮುಂದೆ ಸಾಲು ನಿಲ್ಲುವ ಹೊತ್ತಿಗೋ ಕ್ಲಿನಿಕ್ ತೆರೆದರೆ ಯಾರೂ ಬರಲಾರರು. ಮುಂಚಿತವಾಗಿ ಹೆಸರು ಬರೆಸಬೇಕೆಂಬ ನಿಯಮ ಬೇಡ, ಗುರುತಿನ ಚೀಟಿ ಕೇಳುವುದೂ ಬೇಡ. ಗಂಟುಮೂಟೆ ಇಡಲು ರೋಗಿಯ ಕಣ್ಣಿಗೆ ಬೀಳುವಂಥ ಜಾಗ ಕೊಡಿ. ಸಾಮಾನು ಕಳುವಾದೀತೆಂಬ ಭಯಕ್ಕೇ ಎಷ್ಟೋ ಜನ ಒಳಗೆ ಕಾಲಿಡುವುದಿಲ್ಲ.

ಮಾತ್ರೆ ಬಿಡುವುದಕ್ಕೆ ಬಹಳ ಸಲ ಕಾರಣ ಮಾತ್ರೆಯೇ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಬರೆದರೆ, ಶೌಚಾಲಯವಿಲ್ಲದವರು ಎಲ್ಲಿಗೆ ಹೋಗಬೇಕು? ಆ್ಯಮ್ಲೋಡಿಪಿನ್‌ನಂಥ, ದಿನಕ್ಕೊಮ್ಮೆ ನುಂಗುವ ಮಾತ್ರೆ ಸಾಧ್ಯವೇ ನೋಡಿ. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್ ಕೊಟ್ಟ ದಿನ ಊಟ ಸಿಗದೆಹೋದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯುತ್ತದೆ. ಮೆಟ್‌ಫಾರ್ಮಿನ್‌ಗೆ ಆ ಅಪಾಯ ಬಹಳ ಕಡಿಮೆ, ಆದರೆ ಭೇದಿ ಶುರುವಾಗಬಹುದು. ಅದರಲ್ಲೇ ನಿಧಾನವಾಗಿ ಕರಗುವ ಮಾತ್ರೆಯನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ. ಬಳಸಲು ತೆರೆದ ಇನ್ಸುಲಿನ್ ಸಾಮಾನ್ಯವಾಗಿ 4 ವಾರ ಫ್ರಿಜ್‌ನ ಹೊರಗೆ ಇರಬಲ್ಲದು, ಬಿಸಿ 30 ಡಿಗ್ರಿ ಸೆಲ್ಸಿಯಸ್ ಮೀರಬಾರದು. ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟರೆ ಮಳೆಗೆ ನೆನೆಯುತ್ತದೆ ಅಥವಾ ಕಳುವಾಗುತ್ತದೆ. ವಾರದ್ದನ್ನಷ್ಟೇ ಕೊಟ್ಟು ಉಳಿದದ್ದನ್ನು ರೋಗಿಯ ಹೆಸರು ಬರೆದು ಕ್ಲಿನಿಕ್‌ನಲ್ಲೇ ಇಡಿ.

ಕಡತದಲ್ಲಿ ವಿಳಾಸದ ಜಾಗದಲ್ಲಿ ರಾತ್ರಿ ಎಲ್ಲಿ ಮಲಗುತ್ತಾರೆ, ಹಗಲು ಎಲ್ಲಿ ಸಿಗುತ್ತಾರೆ, ಯಾರ ಬಳಿ ಹೇಳಿದರೆ ಸುದ್ದಿ ಮುಟ್ಟುತ್ತದೆ ಎಂದು ಅವರ ಒಪ್ಪಿಗೆ ಪಡೆದೇ ಬರೆದುಕೊಳ್ಳಿ. ಬರದಿದ್ದವರನ್ನು ಹುಡುಕಿಕೊಂಡು ಹೋಗಲು ಈ ಮೂರು ಸಾಲು ಬೇಕೇ ಬೇಕು. ಕ್ಷಯಕ್ಕಂತೂ 6 ತಿಂಗಳು ಬಿಡದೆ ಮಾತ್ರೆ ನುಂಗಿಸಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವೈದ್ಯ ಜಿಮ್ ವಿದರ್ಸ್ 1992ರಲ್ಲಿ ಬೀದಿಗಿಳಿದಾಗ, ಹಿಂದೆ ಬೀದಿಯಲ್ಲೇ ಬದುಕಿದ್ದವರೊಬ್ಬರನ್ನು ಜೊತೆಗೆ ಕರೆದೊಯ್ದರು. ಅಂಥವರನ್ನು ನೀವೂ ಸಂಬಳ ಕೊಟ್ಟೇ ನೇಮಿಸಿಕೊಳ್ಳಿ. ರೋಗಿಗಳು ಅವರ ಮೇಲೆ ಇಡುವ ನಂಬಿಕೆ ಬಿಳಿ ಕೋಟು ತೊಟ್ಟವರಿಗೆ ಅಷ್ಟು ಬೇಗ ಸಿಗದು.

ಪ್ರಶ್ನೆ: ಕಾಲಿನ ಗಾಯ ತಿಂಗಳಾದರೂ ಮಾಯುವುದಿಲ್ಲ. ದಿನವೂ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೊಳೆಯುತ್ತಿದ್ದೇವೆ.

ಉತ್ತರ: ಅದನ್ನು ಇವತ್ತೇ ನಿಲ್ಲಿಸಿ. ಅದು ಹೊಸದಾಗಿ ಬೆಳೆಯುತ್ತಿರುವ ಮಾಂಸವನ್ನೂ ಸುಡುತ್ತದೆ. ಸಲೈನ್ ಅಥವಾ ಕುಡಿಯಲು ಯೋಗ್ಯವಾದ ನೀರು ಸಾಕು. ರೋಗಿ ದಿನವೂ ಬರುವುದು ಕಷ್ಟ, ಆದ್ದರಿಂದ ಗಾಯ ಶುದ್ಧವಾಗಿದ್ದರೆ 2–3 ದಿನ ಉಳಿಯುವ ಪಟ್ಟಿ ಕಟ್ಟಿ, ಬಿಡಿ ಪಟ್ಟಿಯನ್ನೂ ಒಣ ಕಾಲುಚೀಲವನ್ನೂ ಕೈಗೆ ಕೊಟ್ಟು ಕಳುಹಿಸಿ. ಬಹಳ ಹೊತ್ತು ತೇವದಲ್ಲಿದ್ದ ಪಾದದ ಚರ್ಮ, ಹಿಮವಿಲ್ಲದ ಊರಿನಲ್ಲೂ ಸಾಯಬಹುದು. ಹಾಗಾಗಿ ಯಾವ ಕಾಯಿಲೆಗೆ ಬಂದವರಾದರೂ ಷೂ ಬಿಚ್ಚಿಸಿ ಪಾದ ನೋಡಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಉಳಿದಿದೆಯೇ ಎಂದು 10 ಗ್ರಾಂ ಮಾನೋಫಿಲಮೆಂಟ್‌ನಿಂದ (10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ) ಪರೀಕ್ಷಿಸಿ. ಕೆಂಪು ಹರಡುತ್ತಿದ್ದರೆ, ಜ್ವರವಿದ್ದರೆ, ಬೆರಳು ಕಪ್ಪಾಗಿದ್ದರೆ ಅಥವಾ ಮೂಳೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಿ, ಜೊತೆಗೊಬ್ಬರು ಹೋಗಲಿ. ಇಂಥ ರೋಗಿಗಳನ್ನು ಆಸ್ಪತ್ರೆಯ ಬಾಗಿಲಲ್ಲೇ ವಾಪಸ್ ಕಳಿಸಿಬಿಡುವುದು ಅಪರೂಪವಲ್ಲ.

ಪ್ರಶ್ನೆ: ದಾನಿಗಳು ತಿಂಗಳಿಗೆ ಎಷ್ಟು ರೋಗಿಗಳನ್ನು ನೋಡಿದಿರಿ ಎಂದಷ್ಟೇ ಕೇಳುತ್ತಾರೆ.

ಉತ್ತರ: ಆ ಅಂಕಿಯನ್ನೇ ಬೆನ್ನಟ್ಟಿದರೆ ಸಿಬ್ಬಂದಿ ಸುಲಭದ ರೋಗಿಗಳನ್ನೇ ಆರಿಸಿಕೊಳ್ಳತೊಡಗುತ್ತಾರೆ. ಎಷ್ಟು ಜನ ಮರಳಿ ಬಂದರು, ಎಷ್ಟು ಜನರ ರಕ್ತದೊತ್ತಡ ಹತೋಟಿಗೆ ಬಂತು, ಕ್ಷಯದ ಚಿಕಿತ್ಸೆ ಎಷ್ಟು ಜನ ಪೂರೈಸಿದರು ಎಂಬ ಲೆಕ್ಕವನ್ನು ಜೊತೆಗೆ ಕೊಡಿ. ಅನುದಾನದ ಕರಾರಿನಲ್ಲಿ ಸಂಬಳ, ಬಾಡಿಗೆ, ವಾಹನದ ಖರ್ಚನ್ನು ಮೊದಲೇ ಸೇರಿಸಿ. ಔಷಧಿಗೆ ಹಣ ಕೊಡುವವರು ಸಿಗುತ್ತಾರೆ, ಅದನ್ನು ಒಯ್ದು ಕೊಡುವ ನರ್ಸ್‌ಗೆ ಕೊಡುವವರು ಕಡಿಮೆ.