ಶೋ ಮುಗಿದ ಮೇಲೂ ಕಿವಿ ಗುಂಯ್‌ಗುಡುವುದಕ್ಕೆ

ಮೆಟಲ್ ಸಂಗೀತದ ಶೋ ಮುಗಿಸಿ ಬಂದಾಗಿನಿಂದ ಎರಡೂ ಕಿವಿ ಗುಂಯ್ ಅಂತಿವೆ, ಹತ್ತಿ ತುರುಕಿದ ಹಾಗಿದೆ, ಶನಿವಾರ ಗೆಳೆಯರ ಜೊತೆ ಇನ್ನೊಂದು ಶೋಗೆ ಹೋಗಬಹುದಾ ಅಂದಿರಲ್ಲ, ಇದು ಬಹುತೇಕ ಅತಿ ಸದ್ದಿಗೆ ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ದಣಿದದ್ದರ ಫಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನಿಮ್ಮದೂ ಅಷ್ಟೇ ಅಂತ ಕಿವಿ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು, ಗುಂಯ್ ಅನ್ನುವುದು ನಿಲ್ಲುವವರೆಗೆ ಇಯರ್‌ಫೋನ್ ಮುಟ್ಟಬೇಡಿ. ಎಣ್ಣೆ, ಹತ್ತಿಕಡ್ಡಿ ಏನೂ ಹಾಕಬೇಡಿ. ಒಂದೇ ಕಿವಿ ದಿಢೀರ್ ಮಂದವಾದರೆ ಅಥವಾ ತಲೆ ಸುತ್ತಿದರೆ ಕಾಯದೆ ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಅದಕ್ಕೆ ಚಿಕಿತ್ಸೆ ತಡವಾದಷ್ಟೂ ನಷ್ಟ.

ಶುಕ್ರವಾರದೊಳಗೆ ಸದ್ದು ಪೂರ್ತಿ ನಿಂತರೆ ಮಾತ್ರ ಹೋಗಿ, ಇಯರ್‌ಪ್ಲಗ್ ಇಟ್ಟುಕೊಂಡೇ. 85 ಡೆಸಿಬಲ್‌ ಸದ್ದನ್ನು 8 ಗಂಟೆ ತಡೆಯಬಹುದು ಅನ್ನುವ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಸಿಗುವುದು ಬರೀ 15 ನಿಮಿಷ. ಚಿಕ್ಕ ಹಾಲ್‌ನಲ್ಲಿ ಮೊದಲ ಬ್ಯಾಂಡ್‌ನ ಮೂರು ಹಾಡಿಗೇ ಅದು ಮುಗಿದಿರುತ್ತದೆ!

ಫೋಮ್ ಪ್ಲಗ್ಗನ್ನು ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅರ್ಧಂಬರ್ಧ ಸಿಕ್ಕಿಸಿಕೊಂಡು ‘ಕೆಲಸ ಮಾಡಲ್ಲ’ ಅನ್ನುವವರೇ ಜಾಸ್ತಿ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಗಿಟಾರ್ ಮಂಕಾಗಿ ಕೇಳಿಸಿದರೆ ಎಲ್ಲ ಸ್ವರವನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುವ ಸಂಗೀತಗಾರರ ಫಿಲ್ಟರ್ ಪ್ಲಗ್ ಕೊಳ್ಳಿ. ಗೆಳೆಯರು ಎಷ್ಟೇ ಎಳೆದರೂ ಸ್ಪೀಕರ್‌ ಮುಂದೆ ಬೇಡ, ಸೌಂಡ್ ಎಂಜಿನಿಯರ್ ಪಕ್ಕ ನಿಲ್ಲಿ. ಮಿಕ್ಸ್ ಚೆನ್ನಾಗಿ ಕೇಳಿಸುವುದೂ ಅಲ್ಲೇ.