ಹಲಗೆ ಇಟ್ರೆ ಡ್ರಮ್ ಹಗುರ ಆಗುತ್ತಾ?

ಪ್ರಶ್ನೆ: ಲಾರಿಗೆ ಡ್ರಮ್ ಹತ್ತಿಸೋವಾಗ ಹಲಗೆ ಇಟ್ಟು ಉರುಳಿಸ್ತಾರಲ್ಲ ಸಾರ್, ತೂಕ ಅಷ್ಟೇ ಇರುತ್ತೆ, ಹಾಗಿದ್ರೂ ಸುಲಭ ಹೇಗೆ?

ಉತ್ತರ: ತೂಕ ಕಮ್ಮಿ ಆಗಲ್ಲ, ನೀವು ಹೇಳಿದ್ದು ಸರಿ. ಆದ್ರೆ ಆ ತೂಕದಲ್ಲಿ ಹೆಚ್ಚಿನ ಪಾಲನ್ನ ಹಲಗೆನೇ ಹೊತ್ಕೊಳ್ಳುತ್ತೆ, ನಾವು ತಳ್ಳಬೇಕಾಗಿರೋದು ಉಳಿದ ಪಾಲು ಮಾತ್ರ. 100 ಕೆಜಿ ಡ್ರಮ್ಮನ್ನ 1 ಮೀಟರ್ ಎತ್ತರಕ್ಕೆ ನೇರ ಎತ್ತೋಕೆ 100 ಕೆಜಿಯಷ್ಟೇ ಬಲ ಬೇಕು, ಅದೇ 4 ಮೀಟರ್ ಉದ್ದದ ಹಲಗೆ ಮೇಲೆ ಉರುಳಿಸಿದ್ರೆ ಸುಮಾರು 25 ಕೆಜಿ ಎತ್ತೋಷ್ಟು ಬಲ ಸಾಕು, ಘರ್ಷಣೆಗೆ ಇನ್ನೊಂಚೂರು ಸೇರಿಸ್ಕೊಳ್ಳಿ. ಬದಲಿಗೆ ದೂರ ನಾಲ್ಕು ಪಟ್ಟು ಆಯ್ತು, ಅಂದ್ರೆ ಒಟ್ಟು ಕೆಲಸದಲ್ಲಿ ಏನೂ ಉಳಿತಾಯ ಇಲ್ಲ, ಆದ್ರೆ ಸೊಂಟ ಉಳಿಯುತ್ತೆ!

ಆಗುಂಬೆ ಘಾಟಿ ಅಷ್ಟೊಂದು ತಿರುವು ಹಾಕ್ಕೊಂಡು ಹತ್ತೋದೂ ಇದೇ ಲೆಕ್ಕಕ್ಕೆ, ನೇರ ರಸ್ತೆ ಮಾಡಿದ್ರೆ ತುಂಬಿದ ಬಸ್ಸು ಏರೋದೇ ಇಲ್ಲ. ಸ್ಕ್ರೂ ಕೂಡ ಕಂಬಿಗೆ ಸುತ್ತಿದ ಇಳಿಜಾರೇ.

ನಂಗೆ ನಿಜವಾಗ್ಲೂ ಬೇಜಾರಾಗೋದು ಕಟ್ಟಡಗಳ ರ‍್ಯಾಂಪ್ ನೋಡಿದಾಗ. ವೀಲ್‌ಚೇರ್‌ಗೆ 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು, ಎಷ್ಟೋ ಕಡೆ ಜಾಗ ಇಲ್ಲ ಅಂತ ಮೂರ್ನಾಲ್ಕು ಅಡೀಲಿ ಮುಗಿಸಿಬಿಡ್ತಾರೆ, ಅದನ್ನ ಒಬ್ರೇ ಹತ್ತೋಕೆ ಸಾಧ್ಯನೇ ಇಲ್ಲ.